ಮೂರು ಟನ್ ಕಬ್ಬಿಣ, ಒಂದು ಹೆಬ್ಬೆರಳು

ಬಾಯಿಯಿಂದ ಮದ್ದು ತುಂಬುವ ಹಳೆಯ ಫಿರಂಗಿಯ ಸುತ್ತ ಹತ್ತಾರು ಜನ ನಿಂತಿದ್ದಾರೆ. ಇವರಲ್ಲಿ ಅತಿ ಹಗುರ ಕೆಲಸ ಯಾರದು ಎಂದು ಕೇಳಿದರೆ, ನೋಡುವವರು ಹಿಂಭಾಗದಲ್ಲಿ ನಿಂತು ಒಂದು ಸಣ್ಣ ತೂತನ್ನು ಹೆಬ್ಬೆರಳಿನಿಂದ ಒತ್ತಿಕೊಂಡಿರುವವನ ಕಡೆ ಬೊಟ್ಟು ಮಾಡುತ್ತಾರೆ. ಅವನು ಬೆರಳು ತೆಗೆದರೆ ಮುಂದೆ ನಿಂತವನ ಎರಡೂ ಕೈ ಹೋಗಬಹುದು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಹಗಲೆಲ್ಲ ಲೆಕ್ಕಪತ್ರ ಬರೆದು, ಹಡಗಿಗೆ ಮೊಳೆ ಹೊಡೆದು, ಸಂಜೆ ಫಿರಂಗಿ ಕಲಿಯಲು ಬರುತ್ತಿದ್ದ ಸ್ವಯಂಸೇವಕರಿಗೆ ಮೊದಲು ಕಲಿಸಬೇಕಿದ್ದ ಪಾಠಗಳಲ್ಲಿ ಇದೊಂದು.

ಈ ದಳಗಳು ಹುಟ್ಟಿದ್ದು ಭಯದಿಂದ. 1858ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಮೂರನೇ ನೆಪೋಲಿಯನ್ ಮೇಲೆ ಬಾಂಬ್ ಬಿತ್ತು. ಬಾಂಬಿನ ಮೂಲ ಇಂಗ್ಲೆಂಡ್ ಎಂದು ಗೊತ್ತಾದಾಗ ಫ್ರಾನ್ಸ್ ಕೆರಳಿತು. ಇಂಗ್ಲಿಷ್ ಕಡಲ್ಗಾಲುವೆಯ ಆಚೆ, ಫ್ರಾನ್ಸಿನಲ್ಲಿ, ಕಬ್ಬಿಣದ ಕವಚ ತೊಟ್ಟ ‘ಗ್ಲ್ವಾರ್’ ಹಡಗು ಕಟ್ಟುತ್ತಿದ್ದರು. ಬ್ರಿಟನ್ನಿನ ಸೈನ್ಯದ ಬಹುಪಾಲು ವಸಾಹತುಗಳಲ್ಲಿ ಹಂಚಿಹೋಗಿತ್ತು. 1859ರ ಮೇ 12ರಂದು ಯುದ್ಧ ಸಚಿವ ಜೊನಾಥನ್ ಪೀಲ್ ಸುತ್ತೋಲೆ ಹೊರಡಿಸಿ ಸ್ವಯಂಸೇವಕ ದಳಗಳಿಗೆ ಒಪ್ಪಿಗೆ ಕೊಟ್ಟರು. ಒಳನಾಡಿನವರು ಬಂದೂಕು ಹಿಡಿದರು, ಕರಾವಳಿ ಊರುಗಳವರು ತೋಪಿನತ್ತ ತಿರುಗಿದರು. ಬಂದೂಕಿನವರಿಗೆ ಮೆರವಣಿಗೆಯೂ ಮೆಚ್ಚುಗೆಯೂ ಬೇಗ ಸಿಕ್ಕಿತು. 1860ರಲ್ಲಿ ವಿಂಬಲ್ಡನ್ನಿನ ಗುರಿ ಸ್ಪರ್ಧೆಯ ಮೊದಲ ಗುಂಡನ್ನು ರಾಣಿಯೇ ಹಾರಿಸಿದಳು. ವಿಟ್ವರ್ತ್ ಬಂದೂಕನ್ನು ಮೊದಲೇ ಕಟ್ಟಿನಲ್ಲಿ ಬಿಗಿದು ಗುರಿ ಕೂಡಿಸಿ ಇಟ್ಟಿದ್ದರು, ಆಕೆ ದಾರ ಎಳೆದದ್ದಷ್ಟೆ. ಫಿರಂಗಿಯನ್ನು ಹಾಗೆ ಸಿದ್ಧಮಾಡಿಟ್ಟು ಯಾರ ಕೈಗೂ ಕೊಡಲಾಗದು. ಅದು ಒಬ್ಬನ ಆಯುಧವೇ ಅಲ್ಲ.

ಸಮವಸ್ತ್ರದ ಖರ್ಚು ಮೊದಮೊದಲು ಅವರದೇ, ತೋಪು ಮತ್ತು ಮದ್ದು ಸರ್ಕಾರದ್ದು. ಸೈನ್ಯ ತಾನು ಬಳಸಿ ಬಿಟ್ಟದ್ದನ್ನೇ ಇವರಿಗೆ ದಾಟಿಸುತ್ತಿತ್ತು ಎನ್ನುವುದರಲ್ಲಿ ತಪ್ಪಿಲ್ಲ. ಬಹುತೇಕ ದಳಗಳ ಅಕ್ಷರಾಭ್ಯಾಸ ನಡೆದದ್ದು 32 ಪೌಂಡರ್ (32 ಪೌಂಡ್ ತೂಕದ ಗುಂಡಿನದು) ಎಂಬ ಎರಕದ ಕಬ್ಬಿಣದ ನಯನಳಿಕೆಯ, ಅಂದರೆ ಒಳಗೋಡೆ ನುಣುಪಾದ ತೋಪಿನ ಮೇಲೆ. ಅದರ ಒಂದು ಮಾದರಿಯ ತೂಕ 56 ಹಂಡ್ರೆಡ್‌ವೇಟ್, ಅಂದರೆ ಸುಮಾರು 2,845 ಕಿಲೊ. ಗುಂಡು 14.5 ಕಿಲೊ, ಪೂರ್ತಿ ಮದ್ದು 4.5 ಕಿಲೊ.

ಈಗ ಹೆಬ್ಬೆರಳಿನ ವಿಷಯಕ್ಕೆ ಬರೋಣ. ಕಪ್ಪು ಮದ್ದು ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. ಆಂಡ್ರೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ 1875ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ತೂಕದಲ್ಲಿ ನೂರಕ್ಕೆ ಸುಮಾರು 57 ಪಾಲು ಪೊಟ್ಯಾಶಿಯಂ ಲವಣಗಳಾಗಿ ಉಳಿಯುತ್ತದೆ, ಅನಿಲವಾಗುವುದು 43 ಪಾಲು ಮಾತ್ರ. ನಮ್ಮ 4.5 ಕಿಲೊ ಮದ್ದಿನಲ್ಲಿ ಎರಡೂವರೆ ಕಿಲೊಗೂ ಹೆಚ್ಚು ಘನವಸ್ತು ಎಂದಾಯಿತು. ಒಂದಷ್ಟು ಬಿಳಿ ಹೊಗೆಯಾಗಿ ಗುರಿಯನ್ನು ಮರೆಮಾಡುತ್ತದೆ, ಉಳಿದದ್ದು ನಳಿಕೆಯ ಗೋಡೆಗೆ ಹತ್ತುತ್ತದೆ. ಅದರ ಜೊತೆಗೆ ಮದ್ದು ಕಟ್ಟಿದ್ದ ಉಣ್ಣೆಬಟ್ಟೆಯ ಚೀಲದ ಚೂರುಗಳೂ ತಳದಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಕೂತಿರುತ್ತವೆ.

ಮುಂದಿನ ಚೀಲ ತಳ್ಳುವ ಮೊದಲು ಒಬ್ಬನು ಒದ್ದೆ ಕುಚ್ಚು ಕಟ್ಟಿದ ಉದ್ದನೆಯ ಕೋಲನ್ನು ಬಾಯಿಯಿಂದ ತಳದವರೆಗೆ ಒತ್ತಿ ತಿರುಗಿಸಿ ಎಳೆಯುತ್ತಾನೆ. ಕುಚ್ಚು ನಳಿಕೆಗೆ ಬಿಗಿಯಾಗಿ ಹೊಂದುವುದರಿಂದ ಅದು ಸೈಕಲ್ ಪಂಪಿನ ಕೊರಡಿನ ಹಾಗೆ ಕೆಲಸ ಮಾಡುತ್ತದೆ. ಹಿಂದಿನ ಕಿಡಿತೂತು ತೆರೆದಿದ್ದರೆ ಗಾಳಿ ಅದರ ಮೂಲಕ ನುಗ್ಗಿ ಕೆಂಡಕ್ಕೆ ತಿದಿ ಒತ್ತಿದಂತಾಗುತ್ತದೆ. ತೂತು ಮುಚ್ಚಿದ್ದರೆ ಹೊಸ ಗಾಳಿ ಸಿಗದೆ, ಮೇಲೆ ನೀರೂ ಬಿದ್ದು ಕಿಡಿ ಸಾಯುತ್ತದೆ. ಆದ್ದರಿಂದ ಕುಚ್ಚು ಆಡುವಾಗಲೂ ಚೀಲ ಇಡಿಯುವಾಗಲೂ ತೊಗಲಿನ ಬೆರಳುಚೀಲ ತೊಟ್ಟ ಹೆಬ್ಬೆರಳು ತೂತಿನ ಮೇಲಿಂದ ಏಳಕೂಡದು. ಏಳುವುದು ಯಾವಾಗ? ಕಬ್ಬಿಣ ಕಾದು ಬೆರಳು ಸುಟ್ಟಾಗ. ಅಥವಾ ಪಕ್ಕದ ತಂಡ ಮೊದಲು ಗುಂಡು ಹಾರಿಸಿತೆಂದು ಕತ್ತು ತಿರುಗಿಸಿದಾಗ. ಇಡಿಗೋಲು ಹಿಡಿದವನಿಗೂ ಒಂದು ಕಟ್ಟಳೆ: ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು, ಕೋಲಿನ ಸುತ್ತ ಬಳಸಕೂಡದು. ಮದ್ದು ಅಕಾಲದಲ್ಲಿ ಹೊತ್ತಿದರೆ ಕೋಲು ಕೈಯಿಂದ ಜಾರಿಹೋಗಲಿ, ಕೈಯನ್ನು ಕಿತ್ತುಕೊಂಡು ಹೋಗದಿರಲಿ ಎಂಬ ಲೆಕ್ಕ. ಮುಂದೆ ಉಣ್ಣೆಯ ಬದಲು ಪೂರ್ತಿ ಉರಿದುಹೋಗುವ ರೇಷ್ಮೆ ಬಟ್ಟೆಯ ಚೀಲ ಬಂದು ಈ ಅಪಾಯ ತಗ್ಗಿತು.

ಚೀಲವೂ ಗುಂಡೂ ಒಳಗೆ ಹೋದ ಮೇಲೆ ತೋಪನ್ನು ಮುಂದಕ್ಕೆ ತಳ್ಳಿ, ಕಿಡಿತೂತಿನಲ್ಲಿ ಸೂಜಿ ಇಳಿಸಿ ಚೀಲ ಚುಚ್ಚಿ, ಘರ್ಷಣೆಯ ಕೊಳವೆ ಸಿಕ್ಕಿಸುತ್ತಾರೆ. ಬೆಂಕಿಕಡ್ಡಿಯಂಥ ರಾಸಾಯನಿಕ ಮೆತ್ತಿದ ಒರಟು ತಂತಿ ಅದರೊಳಗೆ ಅಡ್ಡವಾಗಿರುತ್ತದೆ, ಹುರಿಹಗ್ಗದಿಂದ ಅದನ್ನು ಎಳೆದರೆ ಕಿಡಿ. ಹೊಸಬರು ಹಗ್ಗವನ್ನು ಮೆಲ್ಲಗೆ ಎಳೆದು ತಂತಿಯನ್ನು ಬರಿದೇ ಹೊರಗೆ ತರುತ್ತಿದ್ದರು. ಜಗ್ಗಿದರೆ ಮಾತ್ರ ಹೊತ್ತುತ್ತದೆ. ಹೊತ್ತದಿದ್ದಾಗ ತಕ್ಷಣ ಬಳಿಗೆ ಹೋಗಬಾರದು, ಏಕೆಂದರೆ ತೇವ ಮದ್ದು ಒಳಗೊಳಗೇ ಕನಲುತ್ತಿದ್ದು ತಡವಾಗಿ ಸಿಡಿಯುವುದುಂಟು.

ಇಷ್ಟು ಮಾಡಿದ ಮೇಲೂ ನಯನಳಿಕೆಯ ಗುಂಡು ಹೇಳಿದ ಮಾತು ಕೇಳುವುದಿಲ್ಲ. ಗುಂಡಿಗೂ ನಳಿಕೆಗೂ ನಡುವೆ ಸುಮಾರು 5 ಮಿಲಿಮೀಟರ್ ಸಂದು ಬಿಡಲೇಬೇಕು, ಇಲ್ಲದಿದ್ದರೆ ಮಸಿ ಕಟ್ಟಿದ ನಳಿಕೆಯಲ್ಲಿ ಗುಂಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಆ ಸಂದಿನಿಂದ ಅನಿಲ ಸೋರುತ್ತದೆ, ಗುಂಡು ಗೋಡೆಯಿಂದ ಗೋಡೆಗೆ ತಾಕುತ್ತ ಬರುತ್ತದೆ. ಕೊನೆಯ ತಾಕು ಎಡಕ್ಕೆ ಬಿದ್ದರೆ ಒಂದು ಬಗೆಯ ಸುತ್ತು, ಬಲಕ್ಕೆ ಬಿದ್ದರೆ ಇನ್ನೊಂದು. ತಿರುಗುವ ಗುಂಡನ್ನು ಗಾಳಿ ಪಕ್ಕಕ್ಕೆ ಒತ್ತುತ್ತದೆ ಎಂಬುದನ್ನು ಬೆಂಜಮಿನ್ ರಾಬಿನ್ಸ್ 1742ರಲ್ಲೇ ತೋರಿಸಿದ್ದ. ಕ್ರಿಕೆಟ್‌ನಲ್ಲಿ ಸ್ಪಿನ್ ಆದ ಚೆಂಡು ಗಾಳಿಯಲ್ಲೇ ಜರುಗುವುದಕ್ಕೂ ಇದೇ ಕಾರಣ.

ಇದಕ್ಕೆ ಪರಿಹಾರವಾಗಿ ಬಂದದ್ದು ಆರ್ಮ್‌ಸ್ಟ್ರಾಂಗ್ ತೋಪು, ಸ್ವಯಂಸೇವಕರಿಗೆ ಸಿಕ್ಕಿದ್ದು ಅದರ 40 ಪೌಂಡರ್. 4.75 ಇಂಚಿನ ನಳಿಕೆ, ಒಳಗೆ ಸುರುಳಿಯಾಗಿ ಸಾಗುವ ಸಣ್ಣ ಸಣ್ಣ ಗೀರುಗಳು, ಸೀಸದ ಹೊದಿಕೆಯ ಉದ್ದ ಗುಂಡು. ಹಿಂಭಾಗದಿಂದ ತುಂಬಿ, ಮೇಲಿನ ಕಂಡಿಯಿಂದ ಕಬ್ಬಿಣದ ಬಿರಡೆಯೊಂದನ್ನು ಇಳಿಸಿ, ಟೊಳ್ಳು ತಿರುಪಿನಿಂದ ಬಿಗಿಯಬೇಕು. ಬಿಗಿ ಸಾಲದಿದ್ದರೆ ಬಿರಡೆಯೇ ಮೇಲಕ್ಕೆ ಹಾರುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಕೊಬ್ಬು ಮತ್ತು ಅಗಸೆಎಣ್ಣೆಯ ಬಿಲ್ಲೆ ಇಡಲು ಮರೆತರೆ ಸೀಸ ಗೀರುಗಳಲ್ಲಿ ಮೆತ್ತಿ ಮುಂದಿನ ಗುಂಡುಗಳೆಲ್ಲ ದಿಕ್ಕು ತಪ್ಪುತ್ತವೆ. 1863ರಲ್ಲಿ ಜಪಾನಿನ ಕಾಗೊಶಿಮಾ ಮೇಲೆ ದಾಳಿ ಮಾಡಿದಾಗ ನೌಕಾಪಡೆಯ ಆರ್ಮ್‌ಸ್ಟ್ರಾಂಗ್ ತೋಪುಗಳು ಪದೇ ಪದೇ ಕೈಕೊಟ್ಟವು. ಸರ್ಕಾರ ಹಿಂಜರಿದು ಮತ್ತೆ ಬಾಯಿಯಿಂದ ತುಂಬುವ ಪದ್ಧತಿಗೇ ಮರಳಿತು. ಆಗ ಹಳೆಯ ನಯನಳಿಕೆಗಳ ಹೊಟ್ಟೆ ಕೊರೆದು, ಗೀರಿದ ಮೆದುಕಬ್ಬಿಣದ ಕೊಳವೆ ತುರುಕಿ 64 ಪೌಂಡರ್‌ಗಳಾಗಿ ಮಾರ್ಪಡಿಸಿದರು. ಜಿಪುಣತನದ ಕೆಲಸವೇ, ಆದರೆ ಜಾಣ ಕೆಲಸ. ಕರಾವಳಿ ದಳಗಳ ಕೈಗೆ ಇವೂ ಬಂದವು.

ಗೀರಿದ ನಳಿಕೆ ತನ್ನದೇ ತಪ್ಪುಗಳನ್ನು ತಂದಿತು, ಆದರೆ ಅವು ಲೆಕ್ಕಕ್ಕೆ ಸಿಗುವ ತಪ್ಪುಗಳು. ಬಲಕ್ಕೆ ಸುತ್ತುವ ಗುಂಡು ದೂರ ಹೋದಂತೆ ಬಲಕ್ಕೇ ಸರಿಯುತ್ತದೆ. ಅದಕ್ಕಾಗಿ ಆರ್ಮ್‌ಸ್ಟ್ರಾಂಗ್ ತೋಪಿನ ಹಿಂದಿನ ಗುರಿಪಟ್ಟಿಯನ್ನು ಸುಮಾರು 2 ಡಿಗ್ರಿ ಎಡಕ್ಕೆ ಓರೆಯಾಗಿ ಕೂರಿಸಿರುತ್ತಿದ್ದರು. ಪಟ್ಟಿ ಏರಿಸಿದಷ್ಟೂ ಗುರಿ ತಾನೇ ಎಡಕ್ಕೆ ಸರಿದು ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ತಪ್ಪು ನೆಲದ್ದು. ತೋಪಿನ ಒಂದು ಚಕ್ರ ಎತ್ತರದಲ್ಲಿದ್ದರೆ ಗುಂಡು ತಗ್ಗಿನ ಚಕ್ರದ ಕಡೆ ಬೀಳುತ್ತದೆ. ನಳಿಕೆ 5 ಡಿಗ್ರಿ ಏರಿದೆ, ಅಚ್ಚು 3 ಡಿಗ್ರಿ ವಾಲಿದೆ ಎಂದುಕೊಳ್ಳಿ. 1,800 ಮೀಟರ್ ದೂರದಲ್ಲಿ ಗುಂಡು ಸುಮಾರು 8 ಮೀಟರ್ ಪಕ್ಕಕ್ಕೆ ಹೋಗುತ್ತದೆ. ಗುರಿ ಇಟ್ಟವನ ಕಣ್ಣಿನಲ್ಲಿ ದೋಷವಿಲ್ಲ, ಎಲ್ಲ ದೋಷ ಒಂದು ಚಕ್ರದ ಕೆಳಗಿನ ಹುಲ್ಲುಹೆಂಟೆಯದು. ತರಬೇತಾದ ತಂಡ ಮೊದಲು ನೆಲ ನೋಡುತ್ತದೆ, ಆಮೇಲೆ ಗುರಿ.

ಇದೆಲ್ಲ ಒರೆಗೆ ಹತ್ತುತ್ತಿದ್ದದ್ದು ಎಸೆಕ್ಸ್ ಕರಾವಳಿಯ ಷೂಬರಿನೆಸ್‌ನಲ್ಲಿ. ಥೇಮ್ಸ್ ನದಿ ಸಮುದ್ರ ಸೇರುವಲ್ಲಿ ಸರ್ಕಾರ 1849ರಲ್ಲಿ ಈ ಜಾಗ ಕೊಂಡಿತು, 1859ರಲ್ಲಿ ಅಲ್ಲೇ ತೋಪುವಿದ್ಯೆಯ ಶಾಲೆ ತೆರೆಯಿತು. ರಾಷ್ಟ್ರೀಯ ಆರ್ಟಿಲರಿ ಸಂಘ 1865ರಿಂದ ಸ್ವಯಂಸೇವಕರ ಸ್ಪರ್ಧೆಗಳನ್ನು ಅಲ್ಲಿ ನಡೆಸಿತು. ಊರಿನ ಕವಾಯತು ಶಾಲೆಯಲ್ಲಿ ವರ್ಷವಿಡೀ ಮರಳು ತುಂಬಿದ ಚೀಲಗಳನ್ನು ಇಡಿದು ಅಭ್ಯಾಸ ಮಾಡಿದವರಿಗೆ, ನಿಜವಾದ ಮದ್ದಿನ ಸದ್ದು ಕೇಳುವ ಅವಕಾಶ ವಿರಳ.

ಶಿಬಿರದ ಬದುಕು ಗಂಟೆಯಾಕಾರದ ಡೇರೆಯಲ್ಲಿ. ನಡುವೆ ಒಂದೇ ಕಂಬ, ಹನ್ನೆರಡಕ್ಕೂ ಹೆಚ್ಚು ಜನ ಕಂಬದ ಕಡೆ ಕಾಲು ಚಾಚಿ ಚಕ್ರದ ಅರೆಗಳಂತೆ ಮಲಗುತ್ತಾರೆ. ಮಲಗುವ ಮುನ್ನ ಹಗ್ಗಗಳನ್ನು ಸಡಿಲಿಸಬೇಕು. ಸೆಣಬಿನ ಹಗ್ಗ ನೆನೆದರೆ ಎಳೆಗಳು ಉಬ್ಬಿ ಉದ್ದದಲ್ಲಿ ಕುಗ್ಗುತ್ತದೆ, ನಡುರಾತ್ರಿಯ ಮಳೆಗೆ ಗೂಟಗಳು ತಾವಾಗಿಯೇ ಕಿತ್ತು ಬರುತ್ತವೆ. ಒದ್ದೆ ಡೇರೆಯನ್ನು ಒಳಗಿನಿಂದ ಮುಟ್ಟಿದರೆ ಮುಟ್ಟಿದಲ್ಲೇ ಹನಿ ಇಳಿಯಲು ತೊಡಗುತ್ತದೆ.

ಗುಂಡಿನ ಸ್ಪರ್ಧೆಗೆ ಎಲ್ಲರ ಕಣ್ಣು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಒಂದು ಗುಂಡೂ ಹಾರದ ಇನ್ನೊಂದು ಸ್ಪರ್ಧೆ. ಅದಕ್ಕೆ ‘ರೆಪಾಸಿಟರಿ’ ಎಂಬ ವಿಚಿತ್ರ ಹೆಸರು. ಶತ್ರುವಿನ ಗುಂಡು ತಗುಲಿ ಬಂಡಿ ಮುರಿದಿದೆ, ಮೂರು ಟನ್ ನಳಿಕೆ ನೆಲದಲ್ಲಿದೆ, ಯಂತ್ರವಿಲ್ಲ, ಕುದುರೆಯೂ ಇಲ್ಲ. ಮೀಟುಗೋಲು, ದಿಮ್ಮಿ, ಉರುಳೆ, ಹಗ್ಗ, ರಾಟೆ ಇಷ್ಟರಿಂದಲೇ ಅದನ್ನು ಎತ್ತಿ ಹೊಸ ಬಂಡಿಗೆ ಕೂರಿಸಬೇಕು. ವಿಲಿಯಂ ಕಾಂಗ್ರೀವ್ ಎಂಬ ಅಧಿಕಾರಿ 1778ರಲ್ಲಿ ಲಂಡನ್ ಬಳಿಯ ವುಲ್ವಿಚ್‌ನಲ್ಲಿ ಕಟ್ಟಿದ ‘ರಾಯಲ್ ಮಿಲಿಟರಿ ರೆಪಾಸಿಟರಿ’ಯಲ್ಲಿ ಈ ವಿದ್ಯೆ ಕಲಿಸುತ್ತಿದ್ದರು, ಹೆಸರು ಅಲ್ಲಿಂದಲೇ ಬಂತು. ಕಾಂಗ್ರೀವ್ ಎಂದೊಡನೆ ನಮಗೆ ನೆನಪಾಗುವುದು ರಾಕೆಟ್. 1799ರ ನಂತರ ಶ್ರೀರಂಗಪಟ್ಟಣದಿಂದ ವುಲ್ವಿಚ್‌ಗೆ ಹೋದ ಮೈಸೂರು ರಾಕೆಟ್‌ಗಳ ಜಾಡು ಹಿಡಿದು ಬ್ರಿಟಿಷ್ ರಾಕೆಟ್ ಮಾಡಿದವನು ಇದೇ ಅಧಿಕಾರಿಯ ಮಗ, ಅವನ ಹೆಸರೂ ವಿಲಿಯಂ.

ಎತ್ತುವ ಸಾಧನ ‘ಜಿನ್’ ಎಂಬ ಮುಕ್ಕಾಲಿ. ಮೂರು ಉದ್ದ ಮರಗಳ ತಲೆ ಸೇರಿಸಿ, ಅಲ್ಲಿಂದ ರಾಟೆ ಇಳಿಬಿಟ್ಟು, ಎರಡು ಕಾಲುಗಳ ನಡುವೆ ಹಗ್ಗ ಸುತ್ತುವ ಉರುಳೆ. 2,845 ಕಿಲೊ ಭಾರವನ್ನು ಐದು ಎಳೆ ಹಗ್ಗ ಹೊತ್ತರೆ ಒಂದೊಂದಕ್ಕೆ 569 ಕಿಲೊ, ರಾಟೆಗಳ ತಿಕ್ಕಾಟ ಸೇರಿಸಿ 750 ಎಂದುಕೊಳ್ಳೋಣ. ಉರುಳೆಯ ಅರ್ಧವ್ಯಾಸ 12 ಸೆಂಟಿಮೀಟರ್, ಅದಕ್ಕೆ ಸಿಕ್ಕಿಸಿದ ಮೀಟುಗೋಲು ಒಂದೂವರೆ ಮೀಟರ್ ಇದ್ದರೆ, 60 ಕಿಲೊ ಒತ್ತಿದರೆ ಸಾಕು. ನಾಲ್ಕು ಜನಕ್ಕೆ ಹಂಚಿದರೆ ತಲಾ 15, ಮನೆಯ ಬಾವಿಯಿಂದ ದೊಡ್ಡ ಕೊಡ ಸೇದುವಷ್ಟು. ಆದರೆ ಪುಕ್ಕಟೆ ಏನೂ ಇಲ್ಲ: ತೋಪು ಒಂದು ಅಡಿ ಏರಲು ಐದು ಅಡಿ ಹಗ್ಗ ಉರುಳೆಗೆ ಸುತ್ತಿಕೊಳ್ಳಬೇಕು.

ಸೋಲುತ್ತಿದ್ದದ್ದು ಬಲದ ಕೊರತೆಯಿಂದಲ್ಲ. ಮುಕ್ಕಾಲಿಯ ಪಾದಕ್ಕೆ ಹಲಗೆ ಹಾಕದೆ ಒಂದು ಕಾಲು ಮೆದು ನೆಲದಲ್ಲಿ ಇಳಿಯುತ್ತದೆ. ಕಾಲುಗಳನ್ನು ಅತಿಯಾಗಿ ಅಗಲಿಸಿದರೆ ಜಾರುತ್ತವೆ, ಹತ್ತಿರ ತಂದರೆ ತೂಗಾಡುವ ಭಾರಕ್ಕೆ ಇಡೀ ಚೌಕಟ್ಟು ಮಗುಚುತ್ತದೆ. ತೋಪಿನ ಹಿಂಭಾಗ ಬೇಕೆಂದೇ ಭಾರವಾಗಿರುವುದರಿಂದ ಹಗ್ಗದ ಕುಣಿಕೆ ನಾಲ್ಕು ಬೆರಳು ಮುಂದೆ ಬಿದ್ದರೂ ನೆಲ ಬಿಟ್ಟೊಡನೆ ನಳಿಕೆ ತಲೆಯೆತ್ತಿ ತಿರುಗುತ್ತದೆ. ಕೋಲಿನ ಸರದಿ ಬದಲಿಸುವಾಗ ಹಗ್ಗದ ತುದಿ ಹಿಡಿದವನು ಅರೆಕ್ಷಣ ಸಡಿಲಿಸಿದರೆ ಉರುಳೆ ಹಿಂದಕ್ಕೆ ತಿರುಗಿ ಮೀಟುಗೋಲು ದವಡೆಗೆ ಬಡಿಯುತ್ತದೆ. ಹಡಗುಕಟ್ಟೆಯ ಕೆಲಸಗಾರರಿಗೆ ಹಗ್ಗವೂ ಗಂಟೂ ಹೊಟ್ಟೆಪಾಡಿನ ವಿದ್ಯೆ. ಗುಮಾಸ್ತರ ತಂಡಕ್ಕೆ ಅದನ್ನು ಮೊದಲಿನಿಂದ ಕಲಿಯಬೇಕು.

ಶತಮಾನದ ಕೊನೆಗೆ ಗುರಿಯ ವಿದ್ಯೆಯೇ ಬದಲಾಯಿತು. ಬ್ರಿಟಿಷ್ ಸೈನ್ಯದ ಫಿರಂಗಿ ಪಡೆಯಾದ ರಾಯಲ್ ಆರ್ಟಿಲರಿಯ ವಾಟ್ಕಿನ್ ಎಂಬ ಅಧಿಕಾರಿ ರೂಪಿಸಿದ ಉಪಕರಣದಲ್ಲಿ ಬಂಡೆಯ ಮೇಲಿಂದ ಹಡಗಿನ ನೀರುಗೆರೆಯನ್ನು ದುರ್ಬೀನಿನಲ್ಲಿ ಹಿಡಿದರೆ, ಕೆಳಮುಖ ಕೋನದಿಂದಲೇ ದೂರ ತಿಳಿಯುತ್ತದೆ. ಎತ್ತರ 30 ಮೀಟರ್, ಹಡಗು 2,000 ಮೀಟರ್ ದೂರ ಎಂದರೆ ಆ ಕೋನ ಒಂದು ಡಿಗ್ರಿಗೂ ಕಡಿಮೆ, ಸುಮಾರು 52 ಮಿನಿಟು (ಕೋನದ ಅಳತೆಯಲ್ಲಿ 60 ಮಿನಿಟು ಒಂದು ಡಿಗ್ರಿ). ಓದುವಾಗ ಒಂದು ಮಿನಿಟು ತಪ್ಪಿದರೆ ದೂರದಲ್ಲಿ 40 ಮೀಟರ್ ವ್ಯತ್ಯಾಸ. ಸಮುದ್ರ ಒಂದೂವರೆ ಮೀಟರ್ ಇಳಿದದ್ದನ್ನು ಲೆಕ್ಕಕ್ಕೆ ಸೇರಿಸದಿದ್ದರೆ 100 ಮೀಟರ್. ಉಬ್ಬರವಿಳಿತದ ಪಟ್ಟಿ ಓದಬಲ್ಲವನು ಈಗ ಗುರಿಕಾರನಷ್ಟೇ ಮುಖ್ಯನಾದ, ಗುಮಾಸ್ತರಿಗೂ ಅವರ ಕಾಲ ಬಂತು.

ಷೂಬರಿನೆಸ್‌ನಲ್ಲಿ ಆ ಇಳಿತಕ್ಕೆ ಇನ್ನೊಂದು ಉಪಯೋಗವಿತ್ತು, ಸರ್ಕಾರ ಈ ಜಾಗ ಆರಿಸಿದ್ದರ ಹಿಂದೆಯೂ ಅದೇ ಇದೆ. ಅಲ್ಲಿ ನೀರು ಹಿಂದೆ ಸರಿದಾಗ ಮ್ಯಾಪ್ಲಿನ್ ಮರಳು ಮೈಲಿಗಟ್ಟಲೆ ಬಯಲಾಗುತ್ತದೆ. ಬೆಳಿಗ್ಗೆ ಹಾರಿದ ಗುಂಡುಗಳನ್ನು ಮಧ್ಯಾಹ್ನ ನಡೆದುಹೋಗಿ ಹೆಕ್ಕಿ ತರಬಹುದು, ಒಡೆಯದೆ ಉಳಿದ ಸಿಡಿಗುಂಡುಗಳನ್ನು ಬಿಟ್ಟು.