ಮೈಲಿಗಲ್ಲು ಮತ್ತು ಸ್ಕ್ರೀನಿಂಗ್: ಮಗುವಿನ ಬೆಳವಣಿಗೆಯ ಎರಡು ಪದಗಳು

ತಾಯಿ ಕಾರ್ಡಿನಲ್ಲಿ ಲಸಿಕೆಯ ಪುಟವನ್ನು ಎಲ್ಲರೂ ನೋಡುತ್ತಾರೆ. ಅದರಲ್ಲೇ ಇರುವ ಪುಟ್ಟ ಚಿತ್ರಗಳನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಕತ್ತು ಎತ್ತಿದ ಮಗು, ಕೂತ ಮಗು, ನಡೆಯುವ ಮಗು. ಬೆಳವಣಿಗೆಯ ಮೈಲಿಗಲ್ಲು ಅಂದರೆ ಇವೇ. ನಮ್ಮ ಅಜ್ಜಿಯಂದಿರು ಈ ಪದ ಬಳಸದಿದ್ದರೂ ಮಗು ಮಗುಚಿಕೊಂಡ ದಿನ, ಹೊಸಿಲು ದಾಟಿದ ದಿನ ಸಿಹಿ ಮಾಡಿ ಹಂಚುತ್ತಿದ್ದರು.

ಮೈಲಿಗಲ್ಲು ಎಂದರೆ ಒಂದು ತಾರೀಕು ಅಲ್ಲ. ಆಸರೆಯಿಲ್ಲದೆ ನಡೆಯುವುದನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಸುಮಾರು 8ರಿಂದ 18 ತಿಂಗಳ ನಡುವೆ ಯಾವಾಗ ಬೇಕಾದರೂ ಬರಬಹುದು. ಹಾಗಾಗಿ ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ಸುಮ್ನೆ ಕೊರಗಬೇಡಿ. 18 ತಿಂಗಳಾದರೂ ನಡೆಯದಿದ್ದರೆ ಮಾತ್ರ ಕಾಯಬೇಡಿ, ತೋರಿಸಿ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ, ಹೆರಿಗೆಗೆ ಕೊಟ್ಟಿದ್ದ ತಾರೀಕಿನಿಂದ ಎಣಿಸಬೇಕು. ಕಲಿತ ಮಾತು, ಕಲಿತ ಆಟ ಮರೆತುಹೋಗುತ್ತಿದ್ದರೆ ಯಾವ ವಯಸ್ಸಿನಲ್ಲಾದರೂ ಕೂಡಲೇ ತೋರಿಸಬೇಕು.

ಇನ್ನೊಂದು ಪದ ಸ್ಕ್ರೀನಿಂಗ್. ನಮ್ಮ ಕೊಡಗಿನ ಕಡೆಯವರಿಗೆ ಇದನ್ನು ಹೇಳುವುದು ಸುಲಭ: ಕಾಫಿ ಬೀಜಕ್ಕೆ ಜರಡಿ ಹಿಡಿದ ಹಾಗೆ. ಯಾವ ಮಗುವನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು ಅಂತ ಅದು ತಿಳಿಸುತ್ತದೆ, ಅಷ್ಟೇ. ಕಾಯಿಲೆ ಇದೆ ಎಂದು ತೀರ್ಪು ಕೊಡುವುದಿಲ್ಲ. ಎಳೆ ಮಗುವಿನ ಕಿವಿಯಲ್ಲಿ ಹೆರಿಗೆಯ ನೀರು ಉಳಿದಿದ್ದರೂ ಮೊದಲ ಕಿವಿ ಪರೀಕ್ಷೆ ಪಾಸಾಗದೆ ಇರಬಹುದು.

ಕಿವಿಯ ವಿಷಯದಲ್ಲಿ ನಾವು ಜಾಸ್ತಿ ಮೋಸಹೋಗುತ್ತೇವೆ. ಒಂದು ಅಂಗನವಾಡಿಯಲ್ಲಿ ನಾನೇ ಕಂಡದ್ದು. ತೋಟದ ಲೈನ್ ಮನೆಯ ಅಜ್ಜಿಯೊಬ್ಬರು ಮೊಮ್ಮಗನ ಹಿಂದೆ ಸ್ಟೀಲ್ ತಟ್ಟೆ ಬಡಿದರು. ಮಗು ತಿರುಗಿತು. "ನೋಡಿ ಟೀಚರೇ, ಕಿವಿ ಸರಿ ಉಂಟು" ಎಂದರು. ಟೀಚರ್ ಬಾಗಿಲ ಕಡೆ ಕೈ ತೋರಿಸಿದರು. "ಅಜ್ಜಿ, ಬೆಳಕು ನಿಮ್ಮ ಬೆನ್ನ ಹಿಂದಿದೆ. ಅವನು ನಿಮ್ಮ ನೆರಳು ನೋಡಿ ತಿರುಗಿದ." ಆಮೇಲೆ ನೆರಳು ಬೀಳದ ಕಡೆ ಕೂತು ಮೆಲ್ಲಗೆ ಹೆಸರು ಕರೆದರು. ಮಗು ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇತ್ತು.

ಕಿವಿ ಕೇಳದ ಮಗುವೂ ಮೊದಮೊದಲು ಎಲ್ಲ ಮಕ್ಕಳಂತೆ ದನಿ ಮಾಡುತ್ತದೆ. ಆ ದನಿ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ. ಕಕ್ಕಡ ತಿಂಗಳ ಜೋರು ಮಳೆ ಮನೆಯ ಶೀಟಿನ ಮೇಲೆ ಸುರಿಯುವಾಗ ಕರೆದರೆ ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಮಗು ತಿರುಗದಿದ್ದರೂ ಅನುಮಾನ ಬರುವುದಿಲ್ಲ. ಇನ್ನೊಂದು ಸಮಾಧಾನವನ್ನೂ ನಾವೇ ಹೇಳಿಕೊಳ್ಳುತ್ತೇವೆ: "ಮನೆಯಲ್ಲಿ ಕೊಡವ ತಕ್ಕ್, ಹೊರಗೆ ಕನ್ನಡ, ಪಕ್ಕದಲ್ಲಿ ಮಲಯಾಳಂ, ಅದಕ್ಕೇ ಮಾತು ತಡ." ಇದು ತಪ್ಪು. ಹಲವು ಭಾಷೆ ಕಿವಿಗೆ ಬೀಳುವುದರಿಂದ ಮಾತಿನ ತೊಂದರೆ ಬರುವುದಿಲ್ಲ. ಎಲ್ಲ ಭಾಷೆ ಸೇರಿಸಿ ಎಣಿಸಿದರೂ 2 ವರ್ಷಕ್ಕೆ "ಅಮ್ಮ ಬಾ" ಎನ್ನುವಂತೆ ಎರಡು ಪದ ಜೋಡಿಸದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಒಎಇ ಎಂಬ ಪರೀಕ್ಷೆಯಲ್ಲಿ ಮಗುವಿನ ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟು ಸದ್ದು ಕಳಿಸುತ್ತಾರೆ. ಒಳಗಿವಿ ಸರಿಯಿದ್ದರೆ ತಾನೂ ಒಂದು ಸಣ್ಣ ಸದ್ದು ಹಿಂದಕ್ಕೆ ಕಳಿಸುತ್ತದೆ. ಯಂತ್ರ ಅದನ್ನು ಹಿಡಿಯುತ್ತದೆ. ನೋವಿಲ್ಲ, ಕೆಲವೇ ನಿಮಿಷ ಸಾಕು. 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ಪೂರ್ತಿ ಪರೀಕ್ಷೆ, 6 ತಿಂಗಳೊಳಗೆ ಶ್ರವಣ ಸಾಧನ, ತರಬೇತಿ ಶುರು ಎನ್ನುವುದು ತಜ್ಞರ ಗುರಿ.

ಕಣ್ಣಿನದ್ದೂ ಇದೆ. ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ತಡಮಾಡದೆ ತೋರಿಸಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ತಪಾಸಣೆ ಉಚಿತ. ಆ ದಿನ ಮಗುವನ್ನು ತಪ್ಪಿಸಬೇಡಿ. ಕಿವಿಯ ಪೂರ್ತಿ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವವರಿಗೆ ಒಂದು ಮಾತು: ಸದ್ದಿಗೆ ಮಿದುಳು ಸ್ಪಂದಿಸುತ್ತದೆಯೇ ಎಂದು ನೋಡುವ ಬೇರಾ ಎನ್ನುವ ಪರೀಕ್ಷೆಗೆ ಮಗು ನಿದ್ದೆ ಮಾಡಬೇಕು. ಮಡಿಕೇರಿಯಿಂದ ಮೈಸೂರಿನ ಬಸ್ಸಿನಲ್ಲಿ ಅದನ್ನು ಆಟವಾಡಿಸುತ್ತಾ ಎಚ್ಚರವಾಗಿಟ್ಟುಕೊಂಡು ಹೋಗಿ.