ಮುಟ್ಟದ ಕೋಡ್ ಮುರಿಯುವುದೇಕೆ?

ಪ್ರಶ್ನೆ: ಬದಿಯಡ್ಕದ ಬಳಿ ಮನೆಯಿಂದಲೇ ಪ್ರೋಗ್ರಾಮಿಂಗ್ ಕೆಲಸ ಮಾಡುತ್ತೇನೆ. ಅಡಿಕೆ ಖರೀದಿಯ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಬರೆದುಕೊಟ್ಟ ಪ್ರೋಗ್ರಾಂ ಎರಡು ವರ್ಷ ಚೆನ್ನಾಗಿ ನಡೆದಿತ್ತು. ಲ್ಯಾಪ್‌ಟಾಪಿಗೆ ಉಬುಂಟು 24.04 ಆಪರೇಟಿಂಗ್ ಸಿಸ್ಟಂ ಹಾಕಿದ ಮರುದಿನ ‘ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ ಇಲ್ಲ’ ಎಂದು ನಿಂತುಬಿಟ್ಟಿತು. ನಾನು ಒಂದಕ್ಷರವನ್ನೂ ಬದಲಾಯಿಸಿಲ್ಲ. ಹೊಸ ವರದಿ ಬರೆಯಬೇಕಿದ್ದ ಇಡೀ ದಿನ ಇದರಲ್ಲೇ ಹೋಯಿತು. ಹೀಗೇಕಾಗುತ್ತದೆ?

ಉತ್ತರ: ಮೊದಲಿಗೆ, ಇದು ನಿಮ್ಮ ತಪ್ಪಲ್ಲ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗಗಳನ್ನು ನೀವು ಕಂಡೇ ಇರುತ್ತೀರಿ. ಪಂಪಿಲ್ಲದೆ ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಒಳಗೆಲ್ಲೋ ಮಣ್ಣು ಜರಿದರೆ ನೀರು ನಿಲ್ಲುತ್ತದೆ. ಆಗ ಯಾರೂ ಅಡಿಕೆ ಮರದ ಬುಡ ಕೆದಕುವುದಿಲ್ಲ, ಬೆಳಕು ಹಿಡಿದು ಸುರಂಗದೊಳಗೆ ಹೋಗುತ್ತಾರೆ. ನಿಮ್ಮ ಕೋಡ್ ತೋಟ. ಅದಕ್ಕೆ ನೀರು ಬೇರೆಯವರು ಕೊರೆದ ಸುರಂಗಗಳಿಂದ ಬರುತ್ತಿದೆ.

ನಿಮ್ಮಲ್ಲಿ ಜರಿದದ್ದು ಎಲ್ಲಿ ಎಂಬುದು ಸ್ಪಷ್ಟ. ಉಬುಂಟು 24.04ರ ಜೊತೆಗೆ ಬರುವುದು ಪೈಥಾನ್ 3.12. ಡಿಸ್ಟ್‌ಯುಟಿಲ್ಸ್ ಎಂಬುದು ಕೋಡನ್ನು ಕಟ್ಟಿ ಕಂಪ್ಯೂಟರಿಗೆ ಹಾಕಲು ನೆರವಾಗುತ್ತಿದ್ದ ಮಾಡ್ಯೂಲ್, ಅಂದರೆ ಕೋಡ್‌ನ ಒಂದು ಸಿದ್ಧ ತುಂಡು. ಪೈಥಾನ್‌ನ ಹಳೆಯ ಅಂಗವಾಗಿದ್ದ ಅದನ್ನು 2023ರ ಅಕ್ಟೋಬರ್‌ನಲ್ಲಿ ಬಂದ ಈ ಆವೃತ್ತಿಯಿಂದ ತೆಗೆದುಹಾಕಲಾಯಿತು. 2021ರ 3.10ರಿಂದಲೇ ಎಚ್ಚರಿಕೆ ಇತ್ತು, ನಿಜ. ಆದರೆ ಇಂಥ ಎಚ್ಚರಿಕೆ ನೀವು ಬಳಸುವ ಲೈಬ್ರರಿಯೊಳಗೆ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನೊಳಗೆ) ಹುಟ್ಟಿದರೆ ಪೈಥಾನ್ ಸಾಮಾನ್ಯವಾಗಿ ಅದನ್ನು ತೋರಿಸುವುದೇ ಇಲ್ಲ. ಕಾಣದ ಎಚ್ಚರಿಕೆಯನ್ನು ನೀವು ಪಾಲಿಸುವುದಾದರೂ ಹೇಗೆ? ಈ ಪದ್ಧತಿ ನನಗೆ ಅನ್ಯಾಯವಾಗಿ ಕಾಣುತ್ತದೆ.

ದೊಡ್ಡ ಕಂಪನಿಗಳೂ ಇದರಿಂದ ಪಾರಾಗಿಲ್ಲ. 2016ರ ಮಾರ್ಚ್ 22ರಂದು, ಹೆಸರಿನ ವಿವಾದವೊಂದರಿಂದ ಬೇಸತ್ತ ಪ್ರೋಗ್ರಾಮರ್ ಒಬ್ಬರು ಜಾವಾಸ್ಕ್ರಿಪ್ಟ್ ಭಾಷೆಯ ಸಿದ್ಧ ಕೋಡ್‌ಗಳನ್ನು ಹಂಚಿಕೊಳ್ಳುವ ಎನ್‌ಪಿಎಂ ಭಂಡಾರದಿಂದ ತಮ್ಮ ಕೋಡ್‌ಗಳನ್ನು ಹಿಂಪಡೆದರು. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಎಂಬುದೂ ಒಂದು. ಕೇವಲ 11 ಸಾಲಿನ ಅದರ ಕೆಲಸ, ಪಠ್ಯದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದು. ಅದನ್ನು ನೆಚ್ಚಿಕೊಂಡಿದ್ದ ಅಸಂಖ್ಯ ಪ್ರಾಜೆಕ್ಟ್‌ಗಳು, ಅದರ ಹೆಸರನ್ನೇ ಕೇಳಿರದವರ ಪ್ರಾಜೆಕ್ಟ್‌ಗಳು ಕೂಡ, ಅದನ್ನು ಮರಳಿ ಸೇರಿಸುವವರೆಗೆ ಸುಮಾರು ಎರಡು ಗಂಟೆ ಕಾಲ ಕೈಕೊಟ್ಟವು.

ಕಳೆದುಹೋದ ದಿನದ ಬಗ್ಗೆಯೂ ಹೇಳಬೇಕು. ಹೋದದ್ದು ಎಂಟು ಗಂಟೆ ಮಾತ್ರವಲ್ಲ. ಯಾವ ಕೋಷ್ಟಕದಿಂದ ಯಾವ ಅಂಕಿ ತರಬೇಕು, ಮೊತ್ತ ಎಲ್ಲಿ ಕೂಡಬೇಕು ಎಂದು ಬೆಳಗ್ಗೆ ತಲೆಯಲ್ಲಿ ಕಟ್ಟಿಕೊಂಡ ಚಿತ್ರವೇ ಕದಡಿಹೋಗುತ್ತದೆ. ನನಗೂ ಹೀಗಾಗಿದೆ. ಉಪಕರಣ ಸರಿಯಾದ ಮೇಲೂ ಕೆಲಸ ಎಲ್ಲಿಗೆ ನಿಂತಿತ್ತೆಂದು ನೆನಪಾಗದೆ ಸಂಜೆಯವರೆಗೆ ಸುಮ್ಮನೆ ಕುಳಿತಿದ್ದೇನೆ. ಅಂದಿನಿಂದ, ದೋಷದ ಬೆನ್ನುಹತ್ತುವ ಮುನ್ನ, ನಿಲ್ಲಿಸಿದ ಜಾಗವನ್ನು ಕಾಗದದ ಮೇಲೆ ಎರಡು ಸಾಲು ಬರೆದಿಡುತ್ತೇನೆ. ಕೆಲಸ ಒಪ್ಪಿಸುವ ವಾರದಲ್ಲಿ ಯಾವ ನವೀಕರಣವನ್ನೂ ಮಾಡುವುದಿಲ್ಲ. ಗುಡುಗು ಮಳೆಯ ಸಂಜೆಯಂತೂ ಬೇಡವೇ ಬೇಡ, ಕರೆಂಟ್ ಹೋಗಿ ಅರ್ಧಕ್ಕೆ ನಿಂತ ನವೀಕರಣ ಇನ್ನೂ ದೊಡ್ಡ ಕಷ್ಟ ತರುತ್ತದೆ.

ಈಗ ನಿಮ್ಮ ಪ್ರೋಗ್ರಾಂ. ಹಳೆಯ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಪ್ರತ್ಯೇಕವಾಗಿ ಇಡುವ ಜಾಗ) ಇದ್ದರೆ ಅದನ್ನು ಬಿಟ್ಟು ಹೊಸದನ್ನು ಮಾಡಿಕೊಳ್ಳಿ. ಬೇಕಾದ ಲೈಬ್ರರಿಗಳ ಜೊತೆಗೆ ಸೆಟಪ್‌ಟೂಲ್ಸ್ ಎಂಬ ಲೈಬ್ರರಿಯನ್ನೂ, ಪೈಥಾನ್ ಲೈಬ್ರರಿಗಳನ್ನು ತಂದುಹಾಕುವ ಪಿಪ್ ಮೂಲಕ ಅದರೊಳಗೆ ಹಾಕಿ. ಸೆಟಪ್‌ಟೂಲ್ಸ್‌ನಲ್ಲಿ ಡಿಸ್ಟ್‌ಯುಟಿಲ್ಸ್‌ನ ಒಂದು ಪ್ರತಿ ಇರುವುದರಿಂದ ಬಹಳ ಸಲ ಇಷ್ಟಕ್ಕೇ ಪ್ರೋಗ್ರಾಂ ಏಳುತ್ತದೆ. ಎದ್ದ ಕೂಡಲೇ ‘ಪಿಪ್ ಫ್ರೀಝ್’ ಕೊಟ್ಟು ಎಲ್ಲ ಆವೃತ್ತಿಗಳ ಸಂಖ್ಯೆಯನ್ನು ಕಡತದಲ್ಲಿ ಉಳಿಸಿ, ಕೋಡ್ ಜೊತೆಗೇ ಇಡಿ. ಇದು ತಾತ್ಕಾಲಿಕ ಊರುಗೋಲು. ಬಿಡುವಾದಾಗ ದೋಷಸಂದೇಶದ ಕೊನೆಯ ಸಾಲುಗಳಲ್ಲಿ ಯಾವ ಕಡತದ ಹೆಸರಿದೆ ನೋಡಿ. ಲೈಬ್ರರಿಯದಾದರೆ ಅದರ ಹೊಸ ಆವೃತ್ತಿ ಹಾಕಿ. ನಿಮ್ಮದೇ ಆದರೆ, ಆವೃತ್ತಿ ಹೋಲಿಸುವ ಕಡೆ ‘ಪ್ಯಾಕೇಜಿಂಗ್’ ಲೈಬ್ರರಿಯನ್ನೂ, ಬೇರೆ ಪ್ರೋಗ್ರಾಂ ಎಲ್ಲಿದೆಯೆಂದು ಹುಡುಕುವ ಕಡೆ ‘ಶಟಿಲ್’ ಮಾಡ್ಯೂಲನ್ನೂ ಬಳಸಿ ಆ ಸಾಲುಗಳನ್ನು ತಿದ್ದಿ.