ಹೊಗೆ ಹೆಚ್ಚುವುದು ಹಸಿರು ದೀಪ ಬಂದಾಗ

ಕೆಂಪು ದೀಪದ ಮುಂದೆ ಗುರುಗುಟ್ಟುತ್ತ ನಿಂತ ವಾಹನಗಳ ಸಾಲನ್ನು ಕಂಡರೆ, ಹೊಗೆಗೆಲ್ಲ ಈ ಕಾಯುವಿಕೆಯೇ ಕಾರಣ ಅನ್ನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ.

1,000 ಕಿಲೋ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವಾಗ ಅದರಲ್ಲಿ ಸುಮಾರು 96 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಬ್ರೇಕ್ ಒತ್ತಿ ನಿಲ್ಲಿಸಿದರೆ ಅದಷ್ಟೂ ಶಾಖವಾಗಿ ಕಳೆದುಹೋಗುತ್ತದೆ. ಮತ್ತೆ ಅದೇ ವೇಗಕ್ಕೆ ಏರಲು ಎಂಜಿನ್ ಹೊಸದಾಗಿ ದುಡಿಯಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಚಕ್ರ ಮುಟ್ಟುತ್ತದೆ ಎಂದಿಟ್ಟುಕೊಂಡರೆ ಇದಕ್ಕೆ 11 ಮಿಲಿಲೀಟರ್ ಬೇಕು. ನಿಂತಲ್ಲೇ ಚಾಲೂ ಇರುವ ಎಂಜಿನ್ ಗಂಟೆಗೆ ಮುಕ್ಕಾಲು ಲೀಟರ್ ಸುಡುತ್ತದೆ ಎನ್ನೋಣ. ಆಗ ಒಂದು ಸಲ ನಿಂತು ಹೊರಡುವ ಖರ್ಚು ಹೆಚ್ಚುಕಡಿಮೆ ಒಂದು ನಿಮಿಷ ಕಾಯುವ ಖರ್ಚಿಗೆ ಸಮ! ಬ್ರೇಕ್ ಮತ್ತು ಟೈರು ಸವೆದು ಏಳುವ ಸೂಕ್ಷ್ಮ ದೂಳು ಈ ಲೆಕ್ಕದಲ್ಲಿ ಸೇರಿಲ್ಲ.

ಆದರೆ ಸಿಗ್ನಲ್‌ಗಳಿಗೆ ನಾವು ಕಲಿಸಿದ್ದು ಸಮಯದ ಲೆಕ್ಕವನ್ನು. 1958ರಲ್ಲಿ ಬ್ರಿಟನ್ನಿನ ಎಫ್. ವಿ. ವೆಬ್‌ಸ್ಟರ್ ರೂಪಿಸಿದ ಪ್ರಸಿದ್ಧ ಸೂತ್ರ ಹುಡುಕುವುದು ವಾಹನಗಳ ಸರಾಸರಿ ವಿಳಂಬ ಅತಿ ಕಡಿಮೆಯಾಗುವ ಸರದಿಯನ್ನು, ಅಂದರೆ ಸಿಗ್ನಲ್ಲಿನ ದೀಪಗಳೆಲ್ಲ ಒಂದು ಸುತ್ತು ಮುಗಿಸುವ ಅವಧಿಯನ್ನು. ನಿಲುಗಡೆಗಳನ್ನು ಕಡಿಮೆ ಮಾಡಲು ಹೊರಟರೆ ಉತ್ತರ ಬದಲಾಗುತ್ತದೆ, ಸರದಿ ಉದ್ದವಾಗುತ್ತದೆ. ಹಾಗೆಂದು ಅದನ್ನು ಬೇಕಾದಷ್ಟು ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ರಸ್ತೆ ದಾಟಲು ನಿಂತ ಮುದುಕರು, ಮಕ್ಕಳು ಅದೇ ಹೊಗೆಯಲ್ಲಿ ಇನ್ನಷ್ಟು ಹೊತ್ತು ಉಸಿರಾಡಬೇಕಾಗುತ್ತದೆ.

ಹಳೆಯ ಉಪಾಯವೊಂದಿದೆ: ಹಸಿರು ಅಲೆ. ಎರಡು ಸಿಗ್ನಲ್‌ಗಳ ನಡುವೆ 500 ಮೀಟರ್ ಇದ್ದರೆ, 50 ಕಿ.ಮೀ. ವೇಗದ ವಾಹನ ಆ ದೂರವನ್ನು 36 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಎರಡನೆಯ ದೀಪ ಅಷ್ಟೇ ತಡವಾಗಿ ಹಸಿರಾದರೆ ಗುಂಪು ನಿಲ್ಲದೆ ಸಾಗುತ್ತದೆ. ಎದುರುದಿಕ್ಕಿನಿಂದ ಬರುವವರಿಗೂ ಅದೇ ಭಾಗ್ಯ ಸಿಗುವುದು ಅಪರೂಪ.

ದಟ್ಟಣೆ ಗಳಿಗೆಗೊಮ್ಮೆ ಬದಲಾಗುವ ಕಡೆ ಸಿಗ್ನಲ್‌ಗೆ ಕಣ್ಣು ಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 2012ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ ಒಂಬತ್ತು ಚೌಕಗಳಲ್ಲಿ ಸರ್‌ಟ್ರಾಕ್ ವ್ಯವಸ್ಥೆಯನ್ನು ಅಳವಡಿಸಿತು. ಪ್ರತಿ ಸಿಗ್ನಲ್ ತನ್ನತ್ತ ಬರುವ ವಾಹನಗಳನ್ನು ನೋಡಿ ತಾನೇ ನಿರ್ಧರಿಸಿ, ಪಕ್ಕದ ಸಿಗ್ನಲ್‌ಗೆ ಸುದ್ದಿ ಮುಟ್ಟಿಸುತ್ತದೆ. ಹೊರಸೂಸುವಿಕೆ ಶೇ. 21ರಷ್ಟು ಇಳಿಯಿತೆಂದು ತಂಡ ಅಂದಾಜಿಸಿತು. ಸರಾಗವಾದ ರಸ್ತೆ ಹೊಸ ವಾಹನಗಳನ್ನು ಸೆಳೆದರೆ ಈ ಲಾಭ ಕರಗಬಹುದು ಎಂಬ ಆತಂಕ ನನಗಿದೆ.

ಹಾಗಾಗಿ ನನ್ನ ಮೊದಲ ಆಯ್ಕೆ ಬಸ್ಸು. 16 ಟನ್ನಿನ ಬಸ್ಸನ್ನು ಒಮ್ಮೆ ನಿಲ್ಲಿಸುವುದೆಂದರೆ ಅದೇ ವೇಗದ 16 ಕಾರುಗಳ ಚಲನಶಕ್ತಿಯನ್ನು ಚೆಲ್ಲಿದಂತೆ. ಅದು ಬರುತ್ತಿರುವುದನ್ನು ಕಂಡ ಸಿಗ್ನಲ್ ಹಸಿರನ್ನು ಐದೇ ಸೆಕೆಂಡ್ ಹಿಡಿದಿಟ್ಟರೂ ಸಾಕು, ಬಸ್ಸು ದಾಟಿರುತ್ತದೆ.